ಪೆಂಗ್ವಿನ್ನಿನ ಎದುರು ಬಾಯಿ ಮುಚ್ಚಿದ ಕಾಕಾ

ನಮ್ಮ ಕಾಕಾನ ಬಾಯಿ ಮುಚ್ಚಿಸುವುದು ಏನೂ ಕಷ್ಟದ ಕೆಲಸವಲ್ಲ. ಉದಗೀರದಿಂದ ಮುಂಬಯಿಗೆ ಹೋಗಬೇಕು. ಮುಂಬಯಿಯಿಂದ ವಿಮಾನ ಬದಲಿಸಿ ಬದಲಿಸಿ ಅರ್ಜೆಂಟೀನಾ ಮುಟ್ಟಬೇಕು. ಆ ದೇಶದ ತುತ್ತತುದಿಯ ಬಂದರಿನಲ್ಲಿ ಹಡಗು ಹತ್ತಿ, ಎರಡು ದಿನ ಹೊಟ್ಟೆ ತೊಳೆಸಿಕೊಂಡು ಸಮುದ್ರ ದಾಟಬೇಕು. ಆಮೇಲೆ ರಬ್ಬರಿನ ದೋಣಿಯಲ್ಲಿ ಕೂತು ಅಂಟಾರ್ಕ್ಟಿಕಾದ ಹಿಮದ ಮೇಲೆ ಇಳಿಯಬೇಕು. ಇಷ್ಟು ಮಾಡಿದರೆ ಸಾಕು, ಕಾಕಾ ಸುಮಾರು ಹತ್ತು ನಿಮಿಷ ಸುಮ್ಮನಿರುತ್ತಾರೆ! ಉತ್ಪ್ರೇಕ್ಷೆ ಅನ್ನಬೇಡಿ. ನಾನು ಪಕ್ಕದಲ್ಲೇ ಇದ್ದೆ, ಗಡಿಯಾರ ನೋಡಿಕೊಂಡಿದ್ದೇನೆ.

ಕಾಕಾ ಎಂದರೆ ನನ್ನ ತಂದೆಯ ಒಡಹುಟ್ಟಿದ ತಮ್ಮ. ಮರಾಠಿ ಸೀಮೆಯ ಗಡಿಯಲ್ಲಿ ನಿಲಂಗಾ, ದೇವಣಿ, ಶಿರೂರ ಅನಂತಪಾಳ ಅಂತ ಊರೂರು ಸುತ್ತಿ, ದನದ ದವಾಖಾನೆಗಳಲ್ಲಿ ಕಂಪೌಂಡರಾಗಿ ನೌಕರಿ ಮುಗಿಸಿದವರು. ಹೆಸರು ಮಾತ್ರ ಕೇಳಬೇಡಿ. ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಬಾರದು, ನಿಜ. ಆದರೆ ತಮ್ಮ ಹೆಸರು ಅಚ್ಚಾಗಿದೆ ಎಂದು ಸುಳಿವು ಸಿಕ್ಕರೆ ಯಾರಿಂದಲಾದರೂ ಓದಿಸಿಕೊಂಡು, ತಪ್ಪು ತಿದ್ದುವ ನೆಪದಲ್ಲಿ ಉದಗೀರದ ನಮ್ಮ ಮನೆಗೆ ಬಂದು ಎಂಟು ದಿನ ಕೂಡುತ್ತಾರೆ. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ನನಗೂ ಪೇಪರು ತಿದ್ದುವುದಿರುತ್ತದೆ.

ಅವರ ಮಾತಿನ ಅಳತೆ ನಿಮಗೆ ಹೇಗೆ ತಿಳಿಸಲಿ? ಒಮ್ಮೆ ಔರಾದ ಶಹಾಜನಿಯ ವಾರದ ಸಂತೆಗೆ ಒಬ್ಬ ರೈತ ಎತ್ತು ಮಾರಲು ತಂದಿದ್ದ. ಪಾಪ, ಗಿರಾಕಿ ಬರುವ ಮೊದಲು, “ಕಂಪೌಂಡರ ಸಾಹೇಬ್ರ, ಜರಾ ನೋಡ್ರಿ” ಅಂದುಬಿಟ್ಟ. ಕಾಕಾ ಕೊಂಬಿನಿಂದ ಶುರುಮಾಡಿದರು. ಕೊಂಬಿನಿಂದ ಹಣೆಯ ಸುಳಿ, ಸುಳಿಯಿಂದ ಆ ಎತ್ತಿನ ಅಜ್ಜನ ಸುಳಿ, ಅಜ್ಜನಿಂದ ನಿಜಾಮನ ಕಾಲದ ದನದ ಸಂತೆ! ಅವರು ಬಾಲದವರೆಗೆ ಬರುವಷ್ಟರಲ್ಲಿ ಸಂತೆ ಎದ್ದುಹೋಗಿತ್ತು. ರೈತ ಎತ್ತು ಹೊಡೆದುಕೊಂಡು ಮನೆಗೆ ಹೋದ. ಅದು ಕೊನೆಗೆ ಅವನ ಕೊಟ್ಟಿಗೆಯಲ್ಲೇ ಮುದಿಯಾಯಿತು.

ಕಷ್ಟದ ಹೆರಿಗೆಯಾಗುವ ಆಕಳುಗಳಿಗೆ ಮಾತ್ರ ಕಾಕಾ ಎಂದರೆ ದೇವರು. ಇವರು ಕೊಟ್ಟಿಗೆಗೆ ಕಾಲಿಟ್ಟು ಮಾತು ಶುರುಮಾಡಿದರೆ ಕರು ತಡಮಾಡದೆ ಹೊರಗೆ ಬರುತ್ತಿತ್ತಂತೆ. ಔಷಧಕ್ಕಿಂತ ಬೇಸರವೇ ಬೇಗ ಕೆಲಸ ಮಾಡುತ್ತದೆ ಎಂದು ರೈತರು ನಗುತ್ತಿದ್ದರು.

ಇಂಥ ಗಂಡನಿಗೆ ದೇವರು ಎಂಥ ಹೆಂಡತಿಯನ್ನು ಗಂಟುಹಾಕಿದ ನೋಡಿ! ನಮ್ಮ ಕಾಕು ಜೀವಮಾನದಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್ ಕಾರ್ಡು ತುಂಬುವುದಿಲ್ಲ. “ಹೂಂ”, “ಇಲ್ಲ”, “ಊಟಕ್ಕ ಬರ್ರಿ” — ಇಷ್ಟರಲ್ಲೇ ಸಂಸಾರ ತೂಗಿಸಿದವರು. ಎಡಗಾಲು ಎಳೆದು ನಡೆಯುತ್ತಾರೆ. ಆ ಕಾಲಿನ ಕತೆಯನ್ನು ಈಗಲೇ ಹೇಳಿಬಿಡುತ್ತೇನೆ, ಅದಿಲ್ಲದೆ ಪೆಂಗ್ವಿನ್ನಿನ ಕತೆ ನಿಮಗೆ ತಿಳಿಯುವುದಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ಹಳೆಯ ಕಾಲದ ಗಂಡಸರೂ ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. “ಏ, ಕೇಳ್ತೇನ?” — ಅಷ್ಟೇ. ಊರಿನ ಎಲ್ಲ ಗಂಡಸರೂ ತಮ್ಮ ತಮ್ಮ ಹೆಂಡತಿಯನ್ನು ಹೀಗೆಯೇ ಕರೆಯುತ್ತಿದ್ದರು. ಅಡುಗೆಮನೆಯಿಂದ ಹೆಂಡತಿ “ಓ” ಅಂದರೆ ಚಹಾ ಬರುತ್ತದೆ ಎಂದರ್ಥ. ಕಾಕಾ ಮನುಷ್ಯರಲ್ಲಿ, ದನಗಳಲ್ಲಿ ಎಲ್ಲರ ಹೆಸರನ್ನೂ ಬಾಯಿತುಂಬ ಕರೆದವರು. ಹೆಂಡತಿಯ ಹೆಸರೊಂದನ್ನು ಬಿಟ್ಟು.

ಮೂವತ್ತು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಭೂಕಂಪವಾದಾಗ ಅವರು ಉಮರ್ಗಾ ಕಡೆಯ ನಮ್ಮ ಹಳ್ಳಿಯಲ್ಲೇ ಇದ್ದರು. ಗಣಪತಿಯನ್ನು ನೀರಿಗೆ ಬಿಟ್ಟು ಊರು ದಣಿದು ಮಲಗಿತ್ತು. ಕಾಕಾ ಮಾತ್ರ ಊರ ಹೊರಗೆ ಯಾರದೋ ಹೊಲದಲ್ಲಿ ಈಯಲಾರದ ಆಕಳ ಹತ್ತಿರ ಕೂತಿದ್ದರು. ಬೆಳಗಾಗುವ ಮೊದಲು ನೆಲ ನಡುಗಿತು. ಓಡಿ ಬಂದು ನೋಡಿದರೆ ಓಣಿಯೇ ಇಲ್ಲ. ಕಲ್ಲು ಮಣ್ಣಿನ ಮಾಳಿಗೆಗಳೆಲ್ಲ ಕೂತುಬಿಟ್ಟಿದ್ದವು. ನಮ್ಮ ಮನೆಯ ಕಲ್ಲಿನ ಅಡಿಯಲ್ಲಿ ನನ್ನ ಅಜ್ಜಿ ಇದ್ದಳು, ಕಾಕು ಇದ್ದರು. ಕಾಕಾ ಆ ದಿಬ್ಬದ ಮೇಲೆ ನಿಂತು “ಏ, ಕೇಳ್ತೇನ?” ಎಂದು ಕೂಗಿದರು. ಅಕ್ಕಪಕ್ಕದ ದಿಬ್ಬಗಳ ಮೇಲೆ ನಿಂತ ಗಂಡಸರೂ ಅದನ್ನೇ ಕೂಗುತ್ತಿದ್ದರು. ಬಿಸಿಲು ಏರುವವರೆಗೆ ಕೂಗಿದರೂ ಉತ್ತರ ಬರಲಿಲ್ಲ. ಕೊನೆಗೆ ಕಬ್ಬಿಣದ ಹಾರೆ ತರಲು ಕಾಕಾ ಆಚೆ ಓಣಿಗೆ ಓಡಿದರು. ತಿರುಗಿ ಬರುವಷ್ಟರಲ್ಲಿ ಬೇರೆ ಊರಿನಿಂದ ಬಂದ ನಾಲ್ಕು ಜನ ಅಲ್ಲಿ ಕಲ್ಲು ಎತ್ತುತ್ತಿದ್ದರು. “ಓ ಅಂದ್ರು ನೋಡ್ರಿ, ಇಲ್ಲೇ ತಳಗ ಅದಾರ” ಅಂದರು. ಕಾಕು ಜೀವಸಹಿತ ಬಂದರು. ಕಾಲು ಮುರಿದಿತ್ತು. ಅಜ್ಜಿ ಬರಲಿಲ್ಲ.

ಅಂದಿನಿಂದ ಶುರುವಾದ ಜಗಳ ಮೂವತ್ತು ವರ್ಷ ನಡೆಯಿತು. ಮದುವೆ ಮನೆ ಇರಲಿ, ಬಸ್ ಸ್ಟ್ಯಾಂಡ್ ಇರಲಿ, ಎಲ್ಲಿ ಬೇಕೆಂದರಲ್ಲಿ ಹೊತ್ತಿಕೊಳ್ಳುತ್ತಿತ್ತು.

“ಅರ್ಧಾ ದಿನಾ ಒದರೀನಿ, ಗಂಟಲ ಹರದದ. ಈಕಿ ಓ ಅನಲಿಲ್ಲ” ಎಂದು ಕಾಕಾ.

“ಅಂದೀನಿ” ಎಂದು ಕಾಕು.

“ಅಂದಿದ್ರ ನನಗ ಕೇಳ್ತಿರಲಿಲ್ಲೇನು? ಹಾರಿ ತರ್ಲಾಕ ಆ ಕಡಿ ಹೋಗಿನೋ ಇಲ್ಲೋ, ಗುರ್ತಿಲ್ಲದ ಮಂದಿಗಿ ಓ ಅಂದಾಳ! ಗಂಡಗ ಅನಲಿಲ್ಲ, ಮಂದಿಗಿ ಅಂದಾಳ!”

“ಪ್ರತಿ ಸರ್ತಿ ಅಂದೀನಿ.”

ಇಷ್ಟಕ್ಕೆ ಕೇಳಿದವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ಒಮ್ಮೆ ಕಾಕಾ ನನ್ನೊಬ್ಬಳಿಗೇ ಹೇಳಿದ ಮಾತು ಕೇಳಿದ ಮೇಲೆ ನಗು ನಿಂತಿತು. “ಪೋರಿ,” ಅಂದರು (ನನಗೆ ಐವತ್ತು ದಾಟಿದರೂ ನಾನು ಪೋರಿಯೇ!), “ಎಲ್ಲಾ ಗಂಡಸ್ರು ಒಂದೇ ಮಾತ್ ಒದರ್ಲಕತ್ತಿದ್ರು. ಅದ್ರಾಗ ನನ್ನ ದನಿ ಯಾವುದು ಅಂತ ಆಕಿಗಿ ಗುರ್ತ ಹತ್ತಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ನನ್ನ ದನಿ ಗುರ್ತ ಹತ್ತಲಿಲ್ಲಲಾ! ಹೆಸರರ ಹಿಡದು ಕರೀಬೇಕಿತ್ತು. ಬಾಯಿಗಿ ಬರ್ಲೇ ಇಲ್ಲ.” ಆ ಮಾತಿನ ಮಲ್ಲನ ಎದೆಯಲ್ಲಿದ್ದ ಮುಳ್ಳು ಅದೊಂದೇ. ಹೆಂಡತಿಗೆ ತನ್ನ ದನಿ ಗುರುತು ಸಿಗಲಿಲ್ಲವಲ್ಲ ಎಂಬುದು.

ಆಮೇಲೆ ಅವರು ನಿಲಂಗಾಕ್ಕೆ ಬಂದು ನೆಲೆಸಿದರು. ಪೆನ್ಶನ್ ಬಂತು, ಟೀವಿ ಬಂತು, ಟೀವಿಯಲ್ಲಿ ಒಂದು ದಿನ ಪೆಂಗ್ವಿನ್ ಬಂತು. ಕೂಡಲೇ ನನಗೆ ಫೋನು.

“ಪೋರಿ, ಈ ಪಕ್ಷಿ ನೋಡೀಯೇನು? ಎಲ್ಲಾ ಒಂದೇ ನಮೂನಿ ಮಾರಿ, ಒಂದೇ ನಮೂನಿ ಕೋಟು. ಸಾವಿರಗಟ್ಲೆ ನಿಂತಾವ. ಅವ್ವ-ಅಪ್ಪ ಸಮುದ್ರದಿಂದ ಬಂದು ಒಮ್ಮಿ ಒದರಿದ್ರ ಮರಿ ಬರೋಬರ ದನಿ ಗುರ್ತ ಹಿಡೀತದಂತ! ಟೀವಿಯವ ಖರೆ ಹೇಳ್ಲಕತ್ತಾನೋ ಸುಳ್ಳೋ?”

“ಖರೆ ಇರ್ಬೇಕು ಕಾಕಾ.”

“ಇರ್ಬೇಕು ಅಂದ್ರ ನಡಿಯಲ್ಲ. ನಾ ಕಣ್ಣಿಲೆ ನೋಡ್ಬೇಕು.”

ಹುಚ್ಚು ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ! ಅದೇ ಹೊತ್ತಿಗೆ ಹೆದ್ದಾರಿ ಅಗಲ ಮಾಡುವವರು ಅವರ ಹೊಲದ ನಡುವೆಯೇ ದಾರಿ ಮಾಡಿಕೊಂಡು ಪರಿಹಾರದ ದುಡ್ಡು ಕೊಟ್ಟಿದ್ದರು. ಹೊಲ ಹೋದರೇನು, ಹಡಗು ಬಂತು ಎಂದರು ಕಾಕಾ. ಪುಣೆಯಿಂದ ಮರಾಠಿ ಜನರ ಗುಂಪೊಂದು ಅಂಟಾರ್ಕ್ಟಿಕಾಕ್ಕೆ ಹೋಗುತ್ತಿರುವುದನ್ನು ಅವರೇ ಪತ್ತೆಹಚ್ಚಿದರು. ಇಂಗ್ಲಿಷ್ ಮಾತನಾಡಲು ನಾನು, ಕೇಳಿಸಿಕೊಳ್ಳಲು ಕಾಕು, ಹೀಗೆ ಮೂವರ ಹೆಸರು ಬರೆಸಿದರು. ಕಾಕು ಇದನ್ನಾದರೂ ತಡೆಯಬಹುದು ಎಂದು ನಾನು ಅವರಿಗೆ ಫೋನು ಮಾಡಿದೆ.

“ನಿಮ್ಮ ಕಾಕಾಗ ಹುಚ್ಚು ಹಿಡದದ” ಅಂದರು ಕಾಕು. ಆಮೇಲೆ, “ಎಷ್ಟು ಸ್ವೆಟರ್ ಬೇಕಾಗ್ತಾವ ಕೇಳು” ಅಂದರು.

ನಿಲಂಗಾದಲ್ಲಿ ಸುದ್ದಿ ಹಬ್ಬಿತು. ಮಠದ ಹತ್ತಿರ ಸಿಕ್ಕ ಹಿರಿಯರೊಬ್ಬರು, “ಈ ವಯಸ್ಸಿನ್ಯಾಗ ಕಾಶಿಗಿ ಹೋಗ್ಬೇಕು, ಅದ್ಯಾವ ದೇಶಕ್ಕ ಹೊಂಟೀರಿ?” ಎಂದು ಕೇಳಿದರಂತೆ. “ಕಾಶ್ಯಾಗ ಪೆಂಗ್ವಿನ್ ಅದಾವೇನ್ರಿ?” ಎಂದು ಇವರು. ಹಿರಿಯರು ಯೋಚಿಸಿ, ಇರಲಿಕ್ಕಿಲ್ಲ ಎಂದು ಒಪ್ಪಿಕೊಂಡರು.

ಹಡಗಿನವರಿಗೆ ಡಾಕ್ಟರರ ಪತ್ರ ಬೇಕಿತ್ತು. ಉದಗೀರದ ಡಾಕ್ಟರು ಎದೆಗೆ ಕೊಳವೆ ಹಚ್ಚಿ, “ಉಸುರು ಹಿಡೀರಿ” ಅಂದರು. ಕಾಕಾ ಆಗ ಒಂದು ಎಮ್ಮೆಯ ಕೆಚ್ಚಲು ಬಾವಿನ ವರ್ಣನೆಯ ನಡುವೆ ಇದ್ದರು. ಉಸಿರು ಹಿಡಿದರೆ ಎಮ್ಮೆಯ ಗತಿ ಏನು? ಡಾಕ್ಟರು ಮೂರು ಸಲ ಹೇಳಿದರು, ಎಮ್ಮೆ ಗುಣವಾಗುವವರೆಗೆ ಕಾದರು, ಕೊನೆಗೆ “ಈ ಮನಷ್ಯಾಗ ಉಸುರಿಂದು ಏನೂ ಕಮ್ಮಿ ಇಲ್ಲ” ಎಂದು ಸಹಿ ಹಾಕಿ ಕಳಿಸಿದರು.

ಹಡಗು ಹೊರಟ ಮೊದಲ ದಿನವೇ ಸಮುದ್ರ ಎಲ್ಲರನ್ನೂ ಹಾಸಿಗೆಗೆ ಕೆಡವಿತು. ಪುಣೆಯ ಸಾಹಸಿಗಳೆಲ್ಲ ಕಾಗದದ ಚೀಲ ಹಿಡಿದು ಕೂತರು. ನಾನಂತೂ ಯಾವ ದೇವರನ್ನೂ ಬಿಡಲಿಲ್ಲ. ಕಾಕು ಬೆಳಗಿನ ಲಿಂಗಪೂಜೆಗೆ ಕೂತರೆ, ಅಂಗೈಯ ಲಿಂಗಕ್ಕೆ ಎರೆದ ನೀರು ಹಡಗು ವಾಲಿದ ಕಡೆಗೆ ಹೋಗಿ ನನ್ನ ಹಾಸಿಗೆಗೆ ಅಭಿಷೇಕವಾಯಿತು. ಕಾಕಾಗೆ ಏನಾದರೂ ಆಯಿತೇ? ಏನೂ ಆಗಲಿಲ್ಲ! ಕಡಕ ರೊಟ್ಟಿ, ಶೇಂಗಾ ಚಟ್ನಿ ತಿಂದು, ಎದ್ದು ಓಡಲಾಗದ ಜನರಿಂದ ತುಂಬಿದ ಹಡಗನ್ನು ಕಂಡು ಅವರ ಮುಖ ಅರಳಿತು. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮಾತನಾಡಿಸಿ ಬಂದರು.

ಅಲ್ಲಿಯೇ ಅವರಿಗೆ ಒಬ್ಬ ಜರ್ಮನ್ ಮುದುಕನ ಗೆಳೆತನವಾಯಿತು. ಕಾಕಾ ಕನ್ನಡದಲ್ಲಿ ಮಾತನಾಡುತ್ತಿದ್ದರು, ಆತ ಮುಗುಳ್ನಕ್ಕು ತಲೆಯಾಡಿಸುತ್ತಿದ್ದ. ಎರಡು ದಿನ, ದಿನಕ್ಕೆ ನಾಲ್ಕು ತಾಸು! “ನೋಡು ಪೋರಿ, ಭಾಷಾ ಬರಲ್ದಿದ್ರೂ ದಿಲ್ ಇದ್ರ ಸಾಕು. ನನ್ನ ಮಾತ್ ಇಷ್ಟು ಸಬೂರಿಲೆ ಯಾರೂ ಕೇಳಿಲ್ಲ” ಎಂದು ಕಾಕಾನ ಕಣ್ಣಲ್ಲಿ ನೀರು. ಎರಡನೆಯ ದಿನ ಊಟದ ಹೊತ್ತಿಗೆ ಆತನ ಹೆಂಡತಿ ಬಂದು ಅವನ ಜೇಬಿನಿಂದ ಎರಡು ಚಿಕ್ಕ ಯಂತ್ರ ತೆಗೆದು ಅವನ ಕಿವಿಗಳಿಗೆ ಸಿಗಿಸಿದಳು. ಆತ ಪೂರಾ ಕಿವುಡ! ಕಾಕಾಗೆ ನಾನು ಇಂದಿಗೂ ಇದನ್ನು ಹೇಳಿಲ್ಲ. ಹೆಸರು ಬರೆಯದಿರುವುದಕ್ಕೆ ಇದೂ ಒಂದು ಕಾರಣ.

ದಡಕ್ಕೆ ಇಳಿಯುವ ಮುಂಚೆ ಒಂದು ತಪಾಸಣೆ ಇತ್ತು. ನಾವು ಹೊರಗಿನಿಂದ ಬೀಜ, ಮಣ್ಣು, ರೋಗ ಏನನ್ನೂ ಆ ನೆಲಕ್ಕೆ ಒಯ್ಯಬಾರದು. ಅದಕ್ಕೆ ಬೂಟು ತಿಕ್ಕಿ ತೊಳೆಯಬೇಕು, ಬಟ್ಟೆಯ ಮಡಿಕೆ ಮಡಿಕೆಗೂ ಧೂಳು ಎಳೆಯುವ ಯಂತ್ರ ಹಿಡಿಯಬೇಕು. ಮಾರ್ಗದರ್ಶಿ ಹೆಣ್ಣುಮಗಳೊಬ್ಬಳು ಕಾಕಾನ ಹಳೆಯ ಮಫ್ಲರ್ ತೆಗೆದುಕೊಂಡಳು. ಅದರಿಂದ ಮೊದಲು ಜೋಳದ ಹೊಟ್ಟು ಬಂತು. ಆಮೇಲೆ ನೆಗ್ಗಿನ ಮುಳ್ಳು. ಆಮೇಲೆ ಸ್ವೆಟರಿನ ಜೇಬಿನಿಂದ ನಾಲ್ಕು ತೊಗರಿ ಕಾಳು. ಅವಳು ಚಿಮಟದಿಂದ ಒಂದೊಂದನ್ನೇ ತೆಗೆದು ಬಿಳಿ ಕಾಗದದ ಮೇಲೆ ಇಡುತ್ತಿದ್ದಳು. ಕೊನೆಗೆ ಒಂದು ಕೂದಲು ಸಿಕ್ಕಿತು, ಬಿಳಿಯದು, ಗಿಡ್ಡನೆಯದು. ಇದು ಯಾವ ಪ್ರಾಣಿಯದು ಎಂದು ಕೇಳಿದಳು.

“ದೇವಣಿ ಆಕಳಿಂದ್ರಿ ಮೇಡಂ!” ಎಂದು ಕಾಕಾ ಎದ್ದೇ ನಿಂತರು. ಆ ಹೆಣ್ಣುಮಗಳು ಕೇಳಿದ್ದು ಒಂದೇ ಪ್ರಶ್ನೆ. ನಾನು ಅನುವಾದ ಮಾಡಿದ್ದು ಮುಕ್ಕಾಲು ತಾಸು. ದೇವಣಿ ತಳಿಯಲ್ಲಿ ಮೂರು ಬಗೆ, ಪೂರಾ ಬಿಳಿ ಇದ್ದರೆ ಬಾಳಂಕ್ಯಾ, ಮೈ ಬಿಳಿ ಮುಖ ಕಪ್ಪು ಇದ್ದರೆ ವಾನೇರಾ, ಮೈತುಂಬ ಚುಕ್ಕಿ ಇದ್ದರೆ ಶೇವರಾ — ಇದೆಲ್ಲ ಅವಳಿಗೆ ಬಾಯಿಪಾಠವಾಯಿತು. ನಮ್ಮ ಹಿಂದೆ ಸಾಲಿನಲ್ಲಿ ನಿಂತವರಿಗೂ ಆಯಿತು.

ಮರುದಿನ ಇಳಿದೆವು. ಎಲ್ಲರಿಗೂ ಹಡಗಿನವರದೇ ಕೆಂಪು ಜಾಕೆಟ್ಟು, ಕಪ್ಪು ಕನ್ನಡಕ, ಮಂಡಿವರೆಗೆ ಬೂಟು. ಕಾಕು ಇಳಕಲ್ ಸೀರೆಯನ್ನು ನೀರು ತಾಗದ ಪ್ಯಾಂಟಿನೊಳಗೆ ತುರುಕಿ, ಅದರ ಮೇಲೆ ಜಾಕೆಟ್ಟು ಏರಿಸಿದ್ದರು. “ಫೋಟೋ ತಗೀಬ್ಯಾಡ” ಎಂದು ನನಗೆ ತಾಕೀತಾಯಿತು. ಕಾಲಿನ ಕಾರಣಕ್ಕೆ ಅವರು ದೋಣಿ ನಿಲ್ಲುವ ಕಡೆಯ ಸಪಾಟು ಜಾಗದಲ್ಲೇ ಕೋಲೂರಿ ನಿಂತರು. ನಾನು, ಕಾಕಾ, ಮಾರ್ಗದರ್ಶಿ ಏರಿನ ಮೇಲೆ ಹೋದೆವು.

ಪೆಂಗ್ವಿನ್ನುಗಳು ಎಷ್ಟಿದ್ದವು ಎಂದು ಕೇಳಬೇಡಿ. ಬೆಟ್ಟವೇ ಪೆಂಗ್ವಿನ್. ವಾಸನೆಗೆ ನನ್ನ ತಲೆ ತಿರುಗಿತು. “ದನದ ದವಾಖಾನಿಕಿಂತ ಹಗರ ಅದ” ಎಂದು ಕಾಕಾ ಎದೆತುಂಬ ಉಸಿರೆಳೆದುಕೊಂಡರು. ನಾವು ಐದು ಮೀಟರು ದೂರ ನಿಲ್ಲಬೇಕು, ಪೆಂಗ್ವಿನ್ ಅಡ್ಡ ಬಂದರೆ ನಾವೇ ದಾರಿ ಬಿಡಬೇಕು, ಇದು ನಿಯಮ. ಒಂದು ಬಂತು. ಕಾಕಾ ಕೈಮುಗಿದು ದಾರಿ ಬಿಟ್ಟು, “ಯಾವೂರ್ರಿ ನಿಮ್ದು?” ಎಂದು ವಿಚಾರಿಸಿದರು. ಅದು ಉತ್ತರ ಕೊಡದೆ ಹೋಯಿತು. ಇನ್ನೊಂದು ಪೆಂಗ್ವಿನ್ ನೆರೆಮನೆಯ ಗೂಡಿನಿಂದ ಸದ್ದಿಲ್ಲದೆ ಒಂದು ಕಲ್ಲು ಎತ್ತಿಕೊಂಡು ತನ್ನ ಗೂಡಿಗೆ ಸೇರಿಸಿತು. “ನೋಡು, ನೋಡು! ಹೊಲದ ಬಾಂದಗಲ್ಲು ಸರಸೋ ಮಂದಿ ಇಲ್ಲಿಗೂ ಬಂದಾರ!” ಎಂದು ಕಾಕಾ ಕೂಗಿದರು. ಬಣ್ಣ ನೋಡಿ, “ಎಲ್ಲಾ ವಾನೇರಾ! ಒಂದೂ ಬೆರಕಿ ಇಲ್ಲ!” ಎಂದು ತೃಪ್ತಿಪಟ್ಟರು. ಆದರೆ ನೂರು ಆಕಳ ಹಿಂಡಿನಲ್ಲಿ ಒಂದೊಂದನ್ನೂ ಗುರುತಿಸುವ ಆ ಮನುಷ್ಯ ಅರ್ಧ ತಾಸು ಕಣ್ಣು ಕಿರಿದು ಮಾಡಿ ನೋಡಿ, “ಸೋತೆ ಪೋರಿ, ಒಂದಕ್ಕೊಂದು ಫರಕ ಇಲ್ಲ” ಅಂದರು.

ಆಗ ಸಮುದ್ರದ ಕಡೆಯಿಂದ ಒಂದು ಪೆಂಗ್ವಿನ್ ಒದ್ದೆ ಮೈಯಲ್ಲಿ ಏರಿ ಬಂತು. ಹಿಂಡಿನ ಅಂಚಿನಲ್ಲಿ ನಿಂತು, ಕೊಕ್ಕು ಆಕಾಶಕ್ಕೆ ಮಾಡಿ, ಕತ್ತೆಯ ಹಾಗೆ ಒದರಿತು. ಒದರಿ, ಸುಮ್ಮನಾಯಿತು. ಕುತ್ತಿಗೆ ಮುಂದೆ ಚಾಚಿ ನಿಂತುಕೊಂಡಿತು. ಸುತ್ತ ಸಾವಿರ ದನಿಗಳ ಗದ್ದಲ. ಮತ್ತೆ ಒದರಿತು, ಮತ್ತೆ ಸುಮ್ಮನೆ ನಿಂತಿತು. ಮೂರನೆಯ ಸಲಕ್ಕೆ ದೂರದಿಂದ ಬೂದು ಬಣ್ಣದ ಒಂದು ಮರಿ ಚೀರುತ್ತ, ಬೀಳುತ್ತ, ಏಳುತ್ತ, ಕಂಡಕಂಡವರ ಕೊಕ್ಕಿನ ಪೆಟ್ಟು ತಿನ್ನುತ್ತ ಬಂದು ಅದರ ಎದೆಗೆ ಢಿಕ್ಕಿ ಹೊಡೆಯಿತು.

“ಖರೇನೇ ಅದ!” ಅಂದರು ಕಾಕಾ. ಆಮೇಲೆ, “ಅದು ನಡುನಡುವ ಯಾಕ ಸುಮ್ಮ ನಿಂದರತದ? ಕೇಳು ಆಕಿಗಿ” ಅಂದರು.

ನಾನು ಕೇಳಿದೆ. ಮಾರ್ಗದರ್ಶಿ ಹೇಳಿದ್ದನ್ನು ಕಾಕಾಗೆ ಕನ್ನಡದಲ್ಲಿ ಹೇಳಿದೆ. “ಮರಿ ದನಿ ಸಣ್ಣದಿರ್ತದಂತ ಕಾಕಾ. ತಾನೇ ಒದರ್ಕೋತ ನಿಂತ್ರ ಮರಿ ಉತ್ತರ ಕೊಟ್ಟಿದ್ದು ಹ್ಯಾಂಗ ಕೇಳಬೇಕು? ಅದಕ್ಕ ಒಮ್ಮಿ ಒದರ್ತದ, ಬಾಯಿ ಮುಚ್ಚಿ ಕೇಳ್ತದ.”

ಕಾಕಾ ಏನೋ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ನಿಂತಲ್ಲೇ ನಿಂತರು.

ಒಂದು ನಿಮಿಷವಾಯಿತು. ಮೂರಾಯಿತು. ಐದಾಯಿತು! ಚಹಾ ಬೇಕೇ ಎಂದರೆ ಉತ್ತರವಿಲ್ಲ, ಎದೆ ನೋಯುತ್ತಿದೆಯೇ ಎಂದರೆ ಉತ್ತರವಿಲ್ಲ. ಕೈಗವಸು ತೆಗೆಸಿ ನಾಡಿ ನೋಡಿದೆ. ನಾಡಿ ಇತ್ತು, ಮಾತಿರಲಿಲ್ಲ. ಹುಟ್ಟಿದಾಗಿನಿಂದ ಈ ಮನುಷ್ಯನನ್ನು “ಸುಮ್ಮನಿರ್ರಿ ಕಾಕಾ” ಎಂದು ಬೇಡಿಕೊಂಡವಳು ನಾನು, ಆ ದಿನ ಒಂದು ಮಾತಿಗಾಗಿ ಮನಸ್ಸಿನಲ್ಲೇ ಹರಕೆ ಹೊತ್ತೆ.

ಕೊನೆಗೆ ಅವರೇ ಮೆಲ್ಲಗೆ ಅಂದರು, “ಪೋರಿ, ನಾ ನಡುವ ನಿಂದರಲೇ ಇಲ್ಲ.”

“ಎಲ್ಲಿ ಕಾಕಾ?”

“ಅಲ್ಲಿ. ಆ ಬಿದ್ದ ಮನಿ ಕಲ್ಲಿನ ಮ್ಯಾಲ. ಒಂದೇ ಸವನ ಒದರೀನಿ. ಒದರಿದ್ದ ಮ್ಯಾಲ ಒದರೀನಿ. ಆಕಿ ಅಂದಾಳ, ಖರೇನೇ ಅಂದಾಳ. ನಾ ಬಾಯಿ ಮುಚ್ಚಿದ್ರ ಅಲ್ಲ ಕೇಳೋದು? ಮೂವತ್ತು ವರ್ಷ ಆಕಿಗಿ ಸುಳ್ಳಬುರಕಿ ಮಾಡೀನಿ.”

ಕಾಕಾ ಇಳಿಜಾರಿನಲ್ಲಿ ಬಿರಬಿರನೆ ಇಳಿಯತೊಡಗಿದರು, ಮಾರ್ಗದರ್ಶಿ “ನಿಧಾನ, ನಿಧಾನ” ಎಂದು ಕೂಗುತ್ತಿದ್ದರೂ. ಅಷ್ಟರಲ್ಲಿ ಹಿಮ ಉದುರಲು ಶುರುವಾಗಿತ್ತು. ಕೆಳಗೆ ದಡದಲ್ಲಿ ಮೂವತ್ತು ನಲವತ್ತು ಜನ ತಲೆಗೆ ಟೊಪ್ಪಿಗೆ ಎಳೆದುಕೊಂಡು ನಿಂತಿದ್ದಾರೆ. ಎಲ್ಲರದೂ ಕೆಂಪು ಜಾಕೆಟ್ಟು, ಎಲ್ಲರದೂ ಕಪ್ಪು ಕನ್ನಡಕ. ಇದರಲ್ಲಿ ಕಾಕು ಯಾರು? ಕಾಕಾ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದರು, ಸಿಗಲಿಲ್ಲ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದರು.

“ಏ, ಕೇಳ್ತೇನ?”

ಕೂಗಿ, ಬಾಯಿ ಮುಚ್ಚಿಕೊಂಡರು. ಕೈಗವಸಿನಿಂದ ಗಟ್ಟಿಯಾಗಿ ಒತ್ತಿ ಮುಚ್ಚಿಕೊಂಡರು. ಗಾಳಿ ಬೀಸುತ್ತಿತ್ತು, ಪೆಂಗ್ವಿನ್ನುಗಳು ಒದರುತ್ತಿದ್ದವು. ಅವರು ನೋಡುತ್ತಿದ್ದ ಕಡೆಯಿಂದಲ್ಲ, ಎಡಗಡೆಯ ಬಂಡೆಯ ಮರೆಯಿಂದ, ಸಣ್ಣದಾಗಿ ಬಂತು.

“ಓ.”

ಕಾಕು ಗಾಳಿಗೆ ಮರೆಯಾಗಿ ಅಲ್ಲಿ ಕೋಲೂರಿ ನಿಂತಿದ್ದರು. ಕಾಕಾ ಹೋಗಿ ಎದುರು ನಿಂತರು.

“ಅವತ್ತೂ ಹಿಂಗೇ ಅಂದಿದ್ದೇನು?”

“ಹಿಂಗೇ.”

“ಪ್ರತಿ ಸರ್ತಿ?”

“ಪ್ರತಿ ಸರ್ತಿ.”

“ಅಷ್ಟು ಮಂದ್ಯಾಗ ನನ್ನ ದನಿ ಗುರ್ತ ಹತ್ತಿತ್ತಾ?”

“ನಿಮ್ಮ ದನಿ ಗುರ್ತ ಹತ್ತಲ್ದೇನು? ನಿಲಂಗಾ ತಾಲೂಕಿನ ದನಕರಕೆಲ್ಲಾ ಗುರ್ತ ಅದ.”

ಕಾಕಾ ನಗಲಿಲ್ಲ. ಕನ್ನಡಕ ತೆಗೆದರು. ಎಪ್ಪತ್ತು ದಾಟಿದ ಮನುಷ್ಯ ಮಗುವಿನ ಹಾಗೆ ಅಳುತ್ತಿದ್ದರು. “ತಪ್ಪಾತು. ನಾ ಜರಾ ಸುಮ್ಮ ನಿಂತಿದ್ರ ಆವಾಗೇ ಕೇಳ್ತಿತ್ತು. ಅಷ್ಟೊತ್ತು ಕಲ್ಲಿನ ತಳಗ ನಿನಗ…” ಎಂದು ಅವರು ಕಾಕುವಿನ ಎಡಗಾಲು ನೋಡಿದರು.

ಕಾಕು ಆಗ ಮಾತನಾಡಿದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

“ಸುಮ್ಮ ನಿಂತಿದ್ರ ನಾ ಸಾಯ್ತಿದ್ದೆ. ಅತ್ತಿ ಬಾಜೂಕೇ ಇದ್ರು, ಜರಾ ಹೊತ್ತಿಗಿ ಅವರ ದನಿ ನಿಂತುಹೋಯ್ತು. ನನಗೂ ಕಣ್ಣು ಮುಚ್ಚಿ ಮುಚ್ಚಿ ಬರ್ಲಕತ್ತಿತ್ತು. ಮ್ಯಾಲ ನೀವು ಒದರ್ಕೋತೇ ಇದ್ರಿ. ಇವರು ಹೋಗಿಲ್ಲ, ಇಲ್ಲೇ ಅದಾರ ಅಂತ ಎಚ್ಚರ ಇದ್ದೆ. ನಡುವ ಒಮ್ಮಿ ನಿಮ್ಮ ದನಿ ನಿಂತಿತು ನೋಡ್ರಿ, ನೀವು ಹಾರಿ ತರ್ಲಾಕ ಹೋದಾಗ, ಆವಾಗ ನನಗ ಅಂಜಿಕಿ ಬಂತು. ಇದ್ದ ಉಸುರೆಲ್ಲಾ ಹಾಕಿ ಓ ಅಂದೆ. ಮಂದಿಗಿ ಅಂದಿದ್ದಲ್ಲ ಅದು. ನಿಮಗೇ ಅಂದಿದ್ದು.”

ಕಾಕಾ ಅವರನ್ನೇ ನೋಡುತ್ತ ನಿಂತರು. “ಇಷ್ಟು ವರ್ಷ ಯಾಕ ಹೇಳ್ಲಿಲ್ಲ ನೀ?”

“ಹೇಳ್ಲಾಕ ಎಲ್ಲಿ ಸಂದಿ ಕೊಟ್ಟೀರಿ?”

ನಾನು ನಕ್ಕೆನೋ ಅತ್ತೆನೋ ನನಗೆ ಗೊತ್ತಿಲ್ಲ. ದೋಣಿಯವರು ಕರೆಯುತ್ತಿದ್ದರು. ಕಾಕಾ ಕಾಕುವಿನ ಮೊಣಕೈ ಹಿಡಿದು, ಎಡಗಾಲಿನ ಕಡೆಗೆ ತಮ್ಮ ಭುಜ ಕೊಟ್ಟು, ಹೆಜ್ಜೆ ನೋಡಿ ನೋಡಿ ದೋಣಿಯತ್ತ ನಡೆಸಿಕೊಂಡು ಹೋದರು. ತುಟಿ ಬಿಚ್ಚಲಿಲ್ಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಕು ನಿಂತುಬಿಟ್ಟರು. ಅವರ ಮುಖದಲ್ಲಿ ನಿಜವಾದ ದಿಗಿಲಿತ್ತು.

“ಯಾಕ ಸುಮ್ಮಾದ್ರಿ?” ಅಂದರು. “ಮಾತಾಡ್ರಿ.”